ಡೇಟಾಬೇಸ್ ತಾನಾಗೇ ಕೆಡೋದಿಲ್ಲ ಸ್ವಾಮಿ

ಕನ್ನಡದಲ್ಲಿ "ಆಯ್ತು", "ಹೋಯ್ತು" ಅನ್ನೋ ಪದಗಳಷ್ಟು ಉಪಕಾರಿ ಪದಗಳು ಇನ್ನಿಲ್ಲ. ಲೋಟ ಒಡೆದುಹೋಯ್ತು, ಹಾಲು ಉಕ್ಕಿಹೋಯ್ತು, ಫೈಲ್ ಕಳೆದುಹೋಯ್ತು, ಡೇಟಾಬೇಸ್ ಕರಪ್ಟ್ ಆಯ್ತು. ಎಲ್ಲ ತಾವಾಗೇ ಆದವು, ಯಾರೂ ಏನೂ ಮಾಡಲಿಲ್ಲ! ಮೊದಲ ಎರಡನ್ನ ಯಾವ ಅಮ್ಮನೂ ನಂಬಲ್ಲ. ಕೊನೆಯದನ್ನ ಮಾತ್ರ ದೊಡ್ಡ ದೊಡ್ಡ ಮ್ಯಾನೇಜರುಗಳು ಕಣ್ಣು ಮುಚ್ಚಿಕೊಂಡು ನಂಬ್ತಾರೆ.

ಈ ವರ್ಷ ಮೂರು ಬೇರೆ ಬೇರೆ ಕಡೆ ಕೆಲಸ ಮಾಡೋ ಗೆಳೆಯರ ಬಾಯಲ್ಲಿ ಒಂದೇ ಮಾತು ಕೇಳಿದೆ. "ಎಲ್‌ಡ್ಯಾಪ್ ಡೇಟಾಬೇಸ್ ಕರಪ್ಟ್ ಆಗಿತ್ತು ಗುರೂ, ಹಳೇ ಲಾಗ್ ಫೈಲೆಲ್ಲಾ ಅಳಿಸಿ ರೀಸ್ಟಾರ್ಟ್ ಮಾಡಿದ್ವಿ, ಸರಿಹೋಯ್ತು." ಯಾಕೆ ಕೆಟ್ಟಿತ್ತು ಅಂತ ಕೇಳಿದ್ರೆ ಗೊತ್ತಿಲ್ಲ. ಟಿಕೆಟ್ ಮುಚ್ಚಿ ಆಗಿದೆ. ಮೂಲ ಕಾರಣ ಅನ್ನೋ ಜಾಗದಲ್ಲಿ "ಡೇಟಾಬೇಸ್ ಕರಪ್ಷನ್" ಅಂತ ಬರೆದಿದ್ದಾರೆ. ಮರಣ ಪ್ರಮಾಣಪತ್ರದಲ್ಲಿ ಸಾವಿಗೆ ಕಾರಣ "ಸಾವು" ಅಂತ ಬರೆದ ಹಾಗೆ. ಇದರ ಮೇಲೆ ತುಂಬಾ ದಿನದಿಂದ ಇರೋ ಸಿಟ್ಟನ್ನ ಇವತ್ತು ಇಲ್ಲಿ ಇಳಿಸ್ತಾ ಇದ್ದೀನಿ. ಕೆಟ್ಟ ಡೇಟಾಬೇಸಿನ ಲಾಗ್ ಅಳಿಸೋದು ರಿಪೇರಿ ಅಲ್ಲ. ಅದು ಸಾಕ್ಷಿ ನಾಶ. ನನ್ನ ವಾದ ಇಷ್ಟೇ.

ಕಂಪ್ಯೂಟರ್ ಕೆಲಸದವರಲ್ಲದ ಗೆಳೆಯರೂ ಇಲ್ಲಿ ಓದ್ತೀರಿ, ಹಾಗಾಗಿ ಸ್ವಲ್ಪ ವಿವರ. ಡೈರೆಕ್ಟರಿ ಸರ್ವರ್ ಅಂದ್ರೆ ಒಂದು ಸಂಸ್ಥೆಯಲ್ಲಿ ಯಾರು ಯಾರು ಇದ್ದಾರೆ, ಯಾರ ಪಾಸ್‌ವರ್ಡ್ ಏನು, ಯಾರಿಗೆ ಯಾವ ಬಾಗಿಲು ತೆರೀಬೇಕು ಅನ್ನೋದನ್ನ ಇಟ್ಟುಕೊಂಡಿರೋ ದಫ್ತರ. ಬೆಳಿಗ್ಗೆ ನೀವು ಮೇಲ್ ತೆರೆದರೆ, ವೈಫೈಗೆ ಸೇರಿದರೆ, ರಜೆ ಅರ್ಜಿ ಹಾಕಿದರೆ, ಪ್ರತಿ ಸಲ ಒಂದು ಪ್ರಶ್ನೆ ಆ ದಫ್ತರಕ್ಕೆ ಹೋಗುತ್ತೆ: ಈ ಮನುಷ್ಯ ಇದ್ದಾನಾ? ಹೌದು ಅಂದ್ರೆ ಒಳಗೆ, ಇಲ್ಲ ಅಂದ್ರೆ ಆಚೆ. ಓದೋರು ಸಾವಿರ, ಬರೆಯೋರು ಹತ್ತು. ಓಪನ್‌ಎಲ್‌ಡ್ಯಾಪ್ ಅನ್ನೋದು ಇಂಥ ಒಂದು ಸರ್ವರ್. ಅದರ ಸರ್ವರ್ ಪ್ರೋಗ್ರಾಮಿನ ಹೆಸರು ಸ್ಲ್ಯಾಪ್‌ಡಿ. ತುಂಬಾ ವರ್ಷ ಅದು ತನ್ನ ದಾಖಲೆಗಳನ್ನ ಬರ್ಕ್‌ಲಿ ಡಿಬಿ ಅನ್ನೋ ಡೇಟಾಬೇಸಿನಲ್ಲಿ ಇಡ್ತಿತ್ತು.

ಬರ್ಕ್‌ಲಿ ಡಿಬಿ ಹೇಗೆ ಕೆಲಸ ಮಾಡುತ್ತೆ ಅಂತ ನಮ್ಮೂರ ಕಡೆಯ ಯಾರಿಗಾದ್ರೂ ಎರಡು ನಿಮಿಷದಲ್ಲಿ ಹೇಳಬಹುದು. ನಾನು ಮಧುಗಿರಿಯವನು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲೂಕು ಸೇರಿ ಮಧುಗಿರಿ ಉಪವಿಭಾಗ. ಈ ನಾಲ್ಕರಲ್ಲಿ ಯಾವ ಊರಿಗೆ ಹೋದ್ರೂ ಹಳೇ ಮನೆಯಲ್ಲಿ ಒಂದು ತಗಡಿನ ಟ್ರಂಕ್ ಸಿಗುತ್ತೆ, ಅದರೊಳಗೆ ಪಹಣಿ ಇರುತ್ತೆ. ಪಹಣಿಯ 9ನೇ ಕಾಲಂನಲ್ಲಿ ಜಮೀನಿನ ಸ್ವಾಧೀನದಾರನ ಹೆಸರು. 10ನೇ ಕಾಲಂನಲ್ಲಿ ಆ ಹೆಸರು ಅಲ್ಲಿಗೆ ಹೇಗೆ ಬಂತು ಅನ್ನೋದು: ಕ್ರಯವೋ, ಪೌತಿಯೋ, ವಿಭಾಗವೋ, ಜೊತೆಗೆ ಎಂ.ಆರ್. ನಂಬರು. ಎಂ.ಆರ್. ಅಂದ್ರೆ ಮ್ಯುಟೇಷನ್ ರಿಜಿಸ್ಟರ್. ಪಹಣಿ ಇವತ್ತಿನ ಸ್ಥಿತಿ ಹೇಳುತ್ತೆ, ಎಂ.ಆರ್. ಅದು ಹೇಗೆ ಬದಲಾಯ್ತು ಅಂತ ಹೇಳುತ್ತೆ.

ಬರ್ಕ್‌ಲಿ ಡಿಬಿಯಲ್ಲೂ ತದ್ವತ್ ಇದೇ. ಪ್ರತಿ ಬದಲಾವಣೆ ಮೊದಲು ಲಾಗ್ ಫೈಲಿಗೆ ಹೋಗುತ್ತೆ, ಡೇಟಾಬೇಸ್ ಪುಟ ಡಿಸ್ಕಿಗೆ ಹೋಗೋದು ನಿಧಾನಕ್ಕೆ. ಪ್ರತಿ ಪುಟದ ತಲೆಯಲ್ಲೂ ಒಂದು ನಂಬರು ಇರುತ್ತೆ, ಎಲ್‌ಎಸ್‌ಎನ್ ಅಂತಾರೆ, ಈ ಪುಟವನ್ನ ಕೊನೆಗೆ ಬದಲಿಸಿದ್ದು ಲಾಗಿನ ಎಷ್ಟನೇ ನಮೂದು ಅನ್ನೋದಕ್ಕೆ. ಪಹಣಿಯ 10ನೇ ಕಾಲಂ ಅಂದುಕೊಳ್ಳಿ. ಕರೆಂಟ್ ಹೋಗಿ ಮಷಿನ್ ಬಿದ್ದರೂ, ಲಾಗ್ ಇದ್ದರೆ ಎದ್ದಮೇಲೆ ನಮೂದು ನಮೂದಾಗಿ ಓದಿಕೊಂಡು ಪುಟಗಳನ್ನ ಸರಿ ಮಾಡಿಕೊಳ್ಳುತ್ತೆ. ಓಪನ್‌ಎಲ್‌ಡ್ಯಾಪ್ 2.3ರಿಂದ ಸ್ಲ್ಯಾಪ್‌ಡಿ ಈ ಕೆಲಸವನ್ನ ತಾನೇ ಮಾಡಿಕೊಳ್ತಿತ್ತು. ಅಂದ್ರೆ ಪ್ರೋಗ್ರಾಮನ್ನ ಬಲವಂತವಾಗಿ ಕೊಂದರೂ ಡೇಟಾಬೇಸ್ ಸಾಯಬಾರದು. ಅದಕ್ಕೆ ಅಂತಲೇ ಲಾಗ್ ಇರೋದು.

ಈಗ ಯೋಚನೆ ಮಾಡಿ. ಪಹಣಿಯಲ್ಲಿ ತಪ್ಪು ಕಂಡಿತು ಅಂತ ಯಾರಾದ್ರೂ ರೆಕಾರ್ಡ್ ರೂಮಿಗೆ ಹೋಗಿ ಎಂ.ಆರ್. ಪುಸ್ತಕಗಳಿಗೆ ಬೆಂಕಿ ಹಾಕಿ "ಸಾರ್, ಈಗ ಗೊಂದಲ ಇಲ್ಲ" ಅಂದ್ರೆ ಹೇಗಿರುತ್ತೆ? ಗೊಂದಲ ನಿಜವಾಗ್ಲೂ ಇರಲ್ಲ. ಹೋಲಿಸಿ ನೋಡೋಕೆ ಏನೂ ಉಳಿದಿಲ್ಲವಲ್ಲ! "ಲಾಗ್ ಅಳಿಸಿ ರೀಸ್ಟಾರ್ಟ್ ಮಾಡಿ" ಅನ್ನೋ ಸಲಹೆ ಹೇಳೋದು ಇದನ್ನೇ. ಈ ಸಲಹೆ ಇಪ್ಪತ್ತು ವರ್ಷದಿಂದ ಅಂತರ್ಜಾಲದಲ್ಲಿ ಓಡಾಡ್ತಾ ಇದೆ, ಈಗ ಚಾಟ್‌ಬಾಟ್‌ಗಳ ಬಾಯಲ್ಲೂ ಬರ್ತಿದೆ. ನಮ್ಮಲ್ಲೂ ಕೆಲವರು "ಮೂರೇ ಆಜ್ಞೆಯಲ್ಲಿ ಎಲ್‌ಡ್ಯಾಪ್ ರಿಪೇರಿ" ಅನ್ನೋ ಧಾಟಿಯಲ್ಲಿ ಬರೀತೀರಿ. (ನಾನು ಇಲ್ಲಿ ಆಜ್ಞೆಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೀನಿ, ಯಾರೂ ಕಾಪಿ ಪೇಸ್ಟ್ ಮಾಡದಿರಲಿ ಅಂತ :-) )

ಬರೀ ಬೈದರೆ ಆಗಲ್ಲ, ಒಂದು ಕೇಸ್ ಹೇಳ್ತೀನಿ. ಕಂಪನಿ ಹೆಸರು ಬೇಡ. ಸೆಂಟ್‌ಓಎಸ್ 7ರ ಹಳೇ ಮಷಿನ್, ಅದರ ಮೇಲೆ ಓಪನ್‌ಎಲ್‌ಡ್ಯಾಪ್ 2.4, ಒಳಗೆ ಬರ್ಕ್‌ಲಿ ಡಿಬಿ ಮೇಲೆ ನಿಂತಿರೋ ಎಚ್‌ಡಿಬಿ. ಒಂದು ಮುಖ್ಯ ಸರ್ವರ್, ಅದರಿಂದ ನಕಲು ಪಡೆಯೋ ಇನ್ನೊಂದು. ಸೋಮವಾರ ಬೆಳಿಗ್ಗೆ ಒಂಬತ್ತೂವರೆ. ಕೆಲವರಿಗೆ ಲಾಗಿನ್ ಆಗ್ತಿಲ್ಲ, ಎಲ್ಲರಿಗೂ ಅಲ್ಲ. ಯೂಸರ್ ಐಡಿ ಕೊಟ್ಟು ಹುಡುಕಿದ್ರೆ "ಇಲ್ಲ" ಅನ್ನುತ್ತೆ, ಅದೇ ಮನುಷ್ಯನ ಪೂರ್ತಿ ವಿಳಾಸ ಕೊಟ್ಟು ಕೇಳಿದ್ರೆ ದಾಖಲೆ ತೆಗೆದು ತೋರಿಸುತ್ತೆ. ಅಂದ್ರೆ ಮನುಷ್ಯ ಇದ್ದಾನೆ, ಸೂಚಿಯಲ್ಲಿ ಅವನ ಹೆಸರಿಲ್ಲ. ಹನ್ನೊಂದು ಗಂಟೆಗೆ ಹೆಲ್ಪ್‌ಡೆಸ್ಕ್ ಫೋನ್ ಎತ್ತೋದನ್ನೇ ನಿಲ್ಲಿಸಿತ್ತು.

ಮೀಟಿಂಗಿನಲ್ಲಿ ತೀರ್ಮಾನ ಆಗ್ಲೇ ಆಗಿತ್ತು: "ಡೇಟಾಬೇಸ್ ಕರಪ್ಟ್ ಆಗಿದೆ. ಶುಕ್ರವಾರ ಮಧ್ಯಾಹ್ನದ ಬ್ಯಾಕಪ್ ಹಾಕಿಬಿಡಿ, ಅರ್ಧ ಗಂಟೆ ಕೆಲಸ." ನಾನು ಇಪ್ಪತ್ತು ನಿಮಿಷ ಕೇಳಿದೆ. ಕೊಟ್ಟರು, ಮುಖ ಸಿಂಡರಿಸಿಕೊಂಡು.

ಮೊದಲ ಕೆಲಸ ಸ್ಲ್ಯಾಪ್‌ಡಿ ನಿಲ್ಲಿಸಿ ಡೇಟಾಬೇಸ್ ಡೈರೆಕ್ಟರಿಯನ್ನ ಇದ್ದ ಹಾಗೇ ಬೇರೆ ಡಿಸ್ಕಿಗೆ ನಕಲು ಮಾಡಿದ್ದು. ಸುಮಾರು ಮೂರು ಜಿಬಿ, ನಾಲ್ಕು ನಿಮಿಷ. ಆಮೇಲೆ ಸಿಸ್‌ಲಾಗ್ ಓದಿದೆ. ಭಾನುವಾರದಿಂದ ಒಂದೇ ದೂರು ಮತ್ತೆ ಮತ್ತೆ ಬಿದ್ದಿತ್ತು: ಪುಟದ ಎಲ್‌ಎಸ್‌ಎನ್ ಲಾಗಿನ ತುದಿಯನ್ನೇ ದಾಟಿದೆ. ಅದರ ಕೆಳಗೇ ಬರ್ಕ್‌ಲಿ ಡಿಬಿ ಇನ್ನೊಂದು ಸಾಲು ಬರೆಯುತ್ತೆ, ತೆಗೆಯಬಾರದ ಲಾಗ್ ಫೈಲುಗಳನ್ನ ಯಾರೋ ತೆಗೆದಿರಬಹುದು ಅಂತ. ಪಾಪ, ಪ್ರೋಗ್ರಾಮ್ ತಾನೇ ಬಾಯಿಬಿಟ್ಟು ಹೇಳ್ತಾ ಇದೆ. ಓದೋಕೆ ಯಾರಿಗೂ ಪುರುಸೊತ್ತಿಲ್ಲ.

ಅಲ್ಲಿಂದ ಎಳೆ ಹಿಡಿದು ಹೋದ್ರೆ ಕಥೆ ಹೀಗೆ. ಒಂದೂವರೆ ವರ್ಷದ ಹಿಂದೆ ಯಾರೋ ಕ್ರಾನ್‌ನಲ್ಲಿ ಒಂದು ಸಾಲು ಹಾಕಿದ್ರು: ಏಳು ದಿನಕ್ಕಿಂತ ಹಳೆಯ ಲಾಗ್ ಫೈಲುಗಳನ್ನ ಅಳಿಸು. ಡಿಸ್ಕ್ ತುಂಬಿದೆ ಅಂತ ದಿನಾ ಮೇಲ್ ಬರ್ತಿತ್ತಂತೆ, ಆ ಕಾಟಕ್ಕೆ. "ಲಾಗ್" ಅನ್ನೋ ಹೆಸರೇ ಇಲ್ಲಿ ಶತ್ರು, ನೋಡಿ. ವೆಬ್ ಸರ್ವರಿನ ಲಾಗ್ ಅಂದ್ರೆ ದಿನಚರಿ, ಹಳೆಯದಾದ್ರೆ ಎಸೀಬಹುದು. ಬರ್ಕ್‌ಲಿ ಡಿಬಿಯ ಲಾಗ್ ಡೇಟಾಬೇಸಿನ ಅರ್ಧ ದೇಹ. ಇನ್ನು ಆ ಸರ್ವರಿನ ಸಂರಚನೆಯಲ್ಲಿ ಚೆಕ್‌ಪಾಯಿಂಟ್ ಅನ್ನೋ ಸಾಲೇ ಇರಲಿಲ್ಲ. ಚೆಕ್‌ಪಾಯಿಂಟ್ ಅಂದ್ರೆ "ಇಲ್ಲಿಯವರೆಗಿನ ಎಲ್ಲ ನಮೂದು ಪುಟಗಳಿಗೆ ಸೇರಿದೆ" ಅಂತ ಹಾಕೋ ಷರಾ. ಅದಿಲ್ಲದೆ ತಿಂಗಳುಗಟ್ಟಲೆ ಓಡಿದ ಸರ್ವರ್ ಬಿದ್ದರೆ ಚೇತರಿಕೆಗೆ ತಿಂಗಳುಗಟ್ಟಲೆ ಹಿಂದಿನ ಲಾಗ್ ಬೇಕು. ಇರೋದು ಏಳು ದಿನದ್ದು. ಒಂದೂವರೆ ವರ್ಷ ಏನೂ ಆಗಲಿಲ್ಲ, ಯಾಕಂದ್ರೆ ಮಷಿನ್ ಬೀಳಲೇ ಇಲ್ಲ.

ಶನಿವಾರ ರಾತ್ರಿ ಬಿತ್ತು. ಸ್ಲ್ಯಾಪ್‌ಡಿ ಎದ್ದು ಚೇತರಿಸಿಕೊಳ್ಳೋಕೆ ನೋಡಿತು, ಲಾಗ್ ಇಲ್ಲ, ನಿಂತುಹೋಯ್ತು. ರಾತ್ರಿ ಪಾಳಿಯಲ್ಲಿದ್ದ ಹುಡುಗ ಅಂತರ್ಜಾಲದಲ್ಲಿ ಹುಡುಕಿ, ಉಳಿದಿದ್ದ ಲಾಗನ್ನೂ ಅಳಿಸಿ ಶುರು ಮಾಡಿದ. ಎದ್ದಿತು. "ಸಮಸ್ಯೆ ಬಗೆಹರಿದಿದೆ" ಅಂತ ಮೇಲ್ ಹೋಯ್ತು, ಎರಡು "ಗುಡ್ ಜಾಬ್" ಬಂದವು. ಅರ್ಧಂಬರ್ಧ ಬರೆದ ಸೂಚಿ ಪುಟಗಳ ಮೇಲೆ ಭಾನುವಾರ ಇಡೀ ಹೊಸ ಬರಹ ಬೀಳ್ತಾ ಹೋಯ್ತು. ಆ ಹುಡುಗನನ್ನ ನಾನು ದೂರಲ್ಲ. ರಾತ್ರಿ ಎರಡು ಗಂಟೆಗೆ ರೂಟ್ ಪಾಸ್‌ವರ್ಡ್ ಕೊಟ್ಟು, ತರಬೇತಿ ಕೊಡದೆ, ಹದಿನೈದು ನಿಮಿಷದ ಗಡುವು ಕೊಟ್ಟವರನ್ನ ಕೇಳಿ.

ರಿಪೇರಿಗೆ ಎರಡು ಗಂಟೆ ಹತ್ತು ನಿಮಿಷ ಹಿಡೀತು, ಇಪ್ಪತ್ತು ನಿಮಿಷ ಅಲ್ಲ. ನಮ್ಮ ಪುಣ್ಯಕ್ಕೆ ನಕಲು ಸರ್ವರ್ ಸರಿಯಾಗಿತ್ತು. ಇದು ಅದೃಷ್ಟ ಮಾತ್ರ ಅಲ್ಲ. ಓಪನ್‌ಎಲ್‌ಡ್ಯಾಪಿನಲ್ಲಿ ಒಂದು ಸರ್ವರಿನಿಂದ ಇನ್ನೊಂದಕ್ಕೆ ಹೋಗೋದು ದಾಖಲೆಗಳು, ಡಿಸ್ಕಿನ ಪುಟಗಳಲ್ಲ. ಅಲ್ಲಿ ಅದನ್ನ ಹೊಸದಾಗಿ ಬರೆದುಕೊಳ್ಳಲಾಗುತ್ತೆ, ಸೂಚಿಯನ್ನೂ ಅಲ್ಲೇ ಕಟ್ಟಲಾಗುತ್ತೆ. ಹಾಗಾಗಿ ಪುಟದ ಕೊಳೆತ ಹರಡಲ್ಲ. (ಆದ್ರೆ ಯಾರಾದ್ರೂ ತಪ್ಪು ದಾಖಲೆ ಅಳಿಸಿದ್ರೆ ಆ ಅಳಿಸುವಿಕೆ ಕ್ಷಣದಲ್ಲಿ ಹರಡುತ್ತೆ. ನಕಲು ಸರ್ವರ್ ಇದೆ, ಬ್ಯಾಕಪ್ ಯಾಕೆ ಅನ್ನೋರಿಗೆ ಇದು.) ನಕಲು ಸರ್ವರಿನಿಂದ ಸ್ಲ್ಯಾಪ್‌ಕ್ಯಾಟ್ ಹಾಕಿ ಎಲ್ಲ ದಾಖಲೆಗಳನ್ನ ಪಠ್ಯವಾಗಿ ತೆಗೆದೆ. ಕೆಟ್ಟ ಡೇಟಾಬೇಸಿನ ನಕಲಿನಿಂದಲೂ ತೆಗೆದೆ. ಸ್ಲ್ಯಾಪ್‌ಕ್ಯಾಟಿಗೆ ಯೂಸರ್ ಐಡಿಯ ಸೂಚಿ ಬೇಕಿಲ್ಲ, ಅದು ಮೂಲ ದಾಖಲೆಗಳನ್ನ ನೇರವಾಗಿ ಓದುತ್ತೆ. ಎರಡನ್ನೂ ಹೋಲಿಸಿದ್ರೆ 14 ದಾಖಲೆಗಳಲ್ಲಿ ವ್ಯತ್ಯಾಸ. ಒಂದೊಂದೇ ನೋಡಿ ಸರಿಪಡಿಸಿ, ಖಾಲಿ ಡೈರೆಕ್ಟರಿಗೆ ಸ್ಲ್ಯಾಪ್‌ಆಡ್ ಹಾಕಿದ್ವಿ. ರೂಟ್ ಆಗಿ ಸ್ಲ್ಯಾಪ್‌ಆಡ್ ಓಡಿಸಿದ್ರೆ ಫೈಲುಗಳ ಮಾಲೀಕ ರೂಟ್ ಆಗಿಬಿಡ್ತಾನೆ, ಎಲ್‌ಡ್ಯಾಪ್ ಯೂಸರ್ ಹೆಸರಲ್ಲಿ ಓಡೋ ಸ್ಲ್ಯಾಪ್‌ಡಿ ಏಳಲ್ಲ. ಆಗ "ಮತ್ತೆ ಕರಪ್ಟ್ ಆಯ್ತು" ಅನ್ನೋ ಕೂಗು ಏಳುತ್ತೆ! ಫೈಲ್ ಮಾಲೀಕತ್ವ ಸರಿಮಾಡಿ, ಚೆಕ್‌ಪಾಯಿಂಟ್ ಸಾಲು ಸೇರಿಸಿ, ಕ್ರಾನ್ ಸಾಲು ಕಿತ್ತು, ಬೇಡವಾದ ಲಾಗನ್ನ ಬರ್ಕ್‌ಲಿ ಡಿಬಿಯೇ ತಾನಾಗಿ ತೆಗೆಯೋ ಹಾಗೆ ಅದರ ಸಂರಚನೆಯಲ್ಲಿ ಬರೆದು ಮುಗಿಸಿದ್ವಿ.

"ಎರಡು ಗಂಟೆ ಕಾಯಿಸೋ ಬದಲು ಅರ್ಧ ಗಂಟೆಯಲ್ಲಿ ಬ್ಯಾಕಪ್ ಹಾಕಿದ್ರೆ ಏನು ಗಂಟು ಹೋಗ್ತಿತ್ತು?" ಇದು ನಮ್ಮ ಮ್ಯಾನೇಜರ ಪ್ರಶ್ನೆ, ನಿಮ್ಮಲ್ಲೂ ಕೆಲವರದ್ದು. ನ್ಯಾಯವಾದ ಪ್ರಶ್ನೆಯೇ. ಸಾವಿರಾರು ಜನ ಕೆಲಸ ಬಿಟ್ಟು ಕೂತಿರುವಾಗ ತನಿಖೆ ಮಾಡ್ತೀನಿ ಅನ್ನೋನು ತಲೆಕೆಟ್ಟವನ ಹಾಗೆ ಕಾಣ್ತಾನೆ. ಆದ್ರೆ ಆ 14 ದಾಖಲೆ ಯಾರದ್ದು ನೋಡಿ. ಕೆಲವು ಪಾಸ್‌ವರ್ಡ್ ಬದಲಾವಣೆ, ಅದು ಹೋದ್ರೆ ಹೋಗಲಿ. ಎರಡು ಮಾತ್ರ ಶುಕ್ರವಾರ ಸಂಜೆ ಕೆಲಸದಿಂದ ತೆಗೆದವರ ಖಾತೆ, ಬ್ಯಾಕಪ್ ಆದಮೇಲೆ ಮುಚ್ಚಿದ್ದು. ಮಧ್ಯಾಹ್ನದ ಬ್ಯಾಕಪ್ ಹಾಕಿದ್ದಿದ್ರೆ ಆ ಎರಡೂ ಮತ್ತೆ ಜೀವ ಪಡೀತಿದ್ವು, ವಿಪಿಎನ್ ಸಮೇತ. ಯಾರಿಗೂ ತಿಳೀತಾನೂ ಇರಲಿಲ್ಲ. ಜೊತೆಗೆ ಕ್ರಾನ್ ಸಾಲು ಹಾಗೇ ಉಳೀತಿತ್ತು, ಮುಂದಿನ ಸಲ ಮಷಿನ್ ಬಿದ್ದಾಗ ಮತ್ತೆ ಇದೇ ನಾಟಕ. ನಕಲು ಮಾಡೋಕೆ ಹಿಡಿದಿದ್ದು ನಾಲ್ಕು ನಿಮಿಷ ಸ್ವಾಮಿ. ನಿಮ್ಮ ಸೇವೆ ಎಷ್ಟೇ ತುರ್ತಾಗಿರಲಿ, ಆ ನಾಲ್ಕು ನಿಮಿಷ ಇಲ್ಲ ಅನ್ನೋನು ನನಗೆ ಬೇಕು. ಆ ನಕಲು ಇದ್ದರೆ ಆಮೇಲೆ ಬೇಕಾದ್ರೆ ಬ್ಯಾಕಪ್ ಹಾಕಿ, ಕಾರಣ ಸಂಜೆ ಹುಡುಕೋಣ.

ಇನ್ನೊಂದು ಹೇಳಿಬಿಡ್ತೀನಿ. ಕರಪ್ಷನ್ ಅಂತ ಕರೆಸಿಕೊಳ್ಳೋದರಲ್ಲಿ ಎಷ್ಟೋ ಕರಪ್ಷನ್ನೇ ಅಲ್ಲ. ಸಂರಚನೆ ಫೈಲಿನಲ್ಲಿ ಹೊಸ ಸೂಚಿ ಸೇರಿಸಿ, ಸ್ಲ್ಯಾಪ್‌ಇಂಡೆಕ್ಸ್ ಓಡಿಸದೇ ಬಿಟ್ಟರೆ ಹಳೇ ದಾಖಲೆಗಳು ಹುಡುಕಾಟದಲ್ಲಿ ಸಿಗಲ್ಲ. ದಾಖಲೆ ಕಲ್ಲಿನ ಹಾಗಿರುತ್ತೆ, ಸೂಚಿ ಬರೆದಿಲ್ಲ ಅಷ್ಟೇ. ಬರ್ಕ್‌ಲಿ ಡಿಬಿಯ ಕ್ಯಾಶ್ ನೀವು ಹೇಳದಿದ್ರೆ 256 ಕೆಬಿ! ನಾಲ್ಕು ಜನರ ಅಡುಗೆಯ ಪಾತ್ರೆಯಲ್ಲಿ ಮದುವೆ ಊಟ. ಸರ್ವರ್ ತೆವಳುತ್ತೆ, ಜನ ರೇಗಿ ಕೊಲ್ತಾರೆ. ಲಾಕುಗಳ ಮಿತಿ 1000ಕ್ಕೇ ಬಿಟ್ಟಿದ್ರೆ ಗಲಾಟೆ ಹೊತ್ತಲ್ಲಿ "ಲಾಕ್ ಖಾಲಿ" ಅನ್ನುತ್ತೆ. ಇವು ಯಾವುದಕ್ಕೂ ಲಾಗ್ ಅಳಿಸೋದು ಮದ್ದಲ್ಲ. ಸ್ಲ್ಯಾಪ್‌ಡಿ ಓಡ್ತಿರುವಾಗಲೇ ಪಕ್ಕದಲ್ಲಿ ಡಿಬಿ ರಿಕವರ್ ಓಡಿಸೋರೂ ಇದ್ದಾರೆ. ಇಲ್ಲದ ಕರಪ್ಷನ್ನನ್ನ ಕೈಯಾರೆ ತರೋ ವಿಧಾನ ಅದು.

ಇದೆಲ್ಲಾ ಎಸಿ ರೂಮಿನವರ ಗೋಳು ಅಂದುಕೊಳ್ಳಬೇಡಿ. ಮತ್ತೆ ಊರಿಗೆ ಬರ್ತೀನಿ. 2002ರ ಹೊತ್ತಿಗೆ ಭೂಮಿ ಯೋಜನೆಯಲ್ಲಿ ಕರ್ನಾಟಕದ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಬಂದವು. ಕೈಬರಹದ ಪಹಣಿಗೆ ಬೆಲೆ ಹೋಯ್ತು, ಆಗ 15 ರೂಪಾಯಿ ಕೊಟ್ಟರೆ ಪ್ರಿಂಟ್ ಸಿಗ್ತಿತ್ತು. ಅದನ್ನ ಕಟ್ಟಿದ ಎನ್‌ಐಸಿಯವರಿಗೂ ಮುಂದೆ ನಿಂತು ನಡೆಸಿದ ರಾಜೀವ್ ಚಾವ್ಲಾ ಅವರಿಗೂ "ಆಯ್ತು" ಅನ್ನೋ ಪದದ ಅಪಾಯ ಚೆನ್ನಾಗಿ ಗೊತ್ತಿತ್ತು ಅನ್ಸುತ್ತೆ. ಪಾಸ್‌ವರ್ಡ್ ಬದಲು ಬೆರಳಚ್ಚು ಇಟ್ಟರು, ಯಾವ ಬದಲಾವಣೆಗೆ ಯಾರ ಬೆರಳು ಅಂತ ಉಳಿಯಲಿ ಅಂತ. ಹಕ್ಕು ಬದಲಾವಣೆಯ ಆದೇಶವನ್ನ ಸ್ಕ್ಯಾನ್ ಮಾಡಿಸಿದ್ರು. ನಮ್ಮ ಎಷ್ಟೋ ಐಟಿ ಕಂಪನಿಗಳ ಸರ್ವರಿನಲ್ಲಿ ಇವತ್ತಿಗೂ ಎಲ್ಲರೂ ಒಂದೇ ರೂಟ್ ಪಾಸ್‌ವರ್ಡಿನಲ್ಲಿ ಕೆಲಸ ಮಾಡ್ತಾರೆ!

ಆದ್ರೆ ಒಳಗೆ ತುಂಬಿದ್ದು ಕೈಬರಹದ ಪಹಣಿಯನ್ನ. ಅದರಲ್ಲಿದ್ದ ತಪ್ಪು, ಟೈಪಿಸುವಾಗ ಸೇರಿದ ತಪ್ಪು, ಎರಡೂ ಒಳಗೆ ಬಂದವು. ಒಂದು ಹೆಸರು ತಪ್ಪಿದ್ರೆ ಸರಿ ಮಾಡೋ ದಾರಿ ಯಾವುದು? 10ನೇ ಕಾಲಂ ನೋಡಬೇಕು, ಎಂ.ಆರ್. ನಂಬರು ಹಿಡಿದು ರೆಕಾರ್ಡ್ ರೂಮಿಗೆ ಹೋಗಬೇಕು, ಆ ಪುಟದ ದೃಢೀಕೃತ ನಕಲು ತರಬೇಕು. ತಹಶೀಲ್ದಾರರ ಮ್ಯುಟೇಷನ್ ಆದೇಶವೇ ತಪ್ಪು ಅನ್ನೋದಾದ್ರೆ 1964ರ ಭೂಕಂದಾಯ ಕಾಯ್ದೆಯ 136ನೇ ಕಲಂ ಕೆಳಗೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ. ಪಾವಗಡದ ಮೂಲೆಯ ಹಳ್ಳಿಯವನೂ ಇದಕ್ಕೆ ಮಧುಗಿರಿಗೆ ಬರಬೇಕು. ಅಲ್ಲಿ ವಕೀಲರು ಎಷ್ಟು ಹೊತ್ತು ಮಾತಾಡಿದ್ರೂ ಕೊನೆಗೆ ಎದುರಿಗೆ ಇಡಬೇಕಾಗಿರೋದು ಆ ಹಳೇ ಪುಟ. ಅದು ಗೆದ್ದಲಿಗೆ ಹೋಗಿದ್ರೆ, ಅಥವಾ ಯಾರೋ ಹರಿದಿದ್ರೆ, ಪಹಣಿಯಲ್ಲಿರೋ ತಪ್ಪೇ ಸತ್ಯ.

ಅದರ ಬೆಲೆ ಎಷ್ಟು ಅಂತ ಬೇಕಾದ್ರೆ ತಿರುಮಣಿ ಕಡೆ ನೋಡಿ. ಪಾವಗಡದ ಸೋಲಾರ್ ಪಾರ್ಕಿಗೆ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಸುತ್ತಿನ ಸುಮಾರು 13,000 ಎಕರೆ ಹೋಯ್ತು. ಖರೀದಿ ಅಲ್ಲ, ಗುತ್ತಿಗೆ. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಮಳೆ ನಂಬಿ ಕಡ್ಲೆಕಾಯಿ ಬಿತ್ತಿ ಕೈಸುಟ್ಟುಕೊಳ್ತಿದ್ದ ನೆಲಕ್ಕೆ ಅದು ಸಣ್ಣ ದುಡ್ಡಲ್ಲ. ಗುತ್ತಿಗೆ ಬರೆದುಕೊಡೋಕೆ ದಾಖಲೆಯಲ್ಲಿ ಹೆಸರಿರಬೇಕು. ಅಣ್ಣನ ಹೆಸರಲ್ಲೇ ನಿಂತುಹೋದ ತಮ್ಮನ ಪಾಲು, ಪೌತಿ ಖಾತೆ ಆಗದೇ ಉಳಿದ ಅಜ್ಜನ ಹೆಸರು, ಇವೆಲ್ಲಾ ಆಗ ಬರೀ ಕಾಗದದ ವಿಷಯ ಆಗಿ ಉಳಿಯಲ್ಲ.

2024ರಲ್ಲಿ ಕಂದಾಯ ಇಲಾಖೆ ಭೂ ಸುರಕ್ಷಾ ಅಂತ ಶುರು ಮಾಡಿತು. ತಾಲೂಕು ಕಚೇರಿಗಳ ರೆಕಾರ್ಡ್ ರೂಮಿನ ಹಳೇ ಕಡತಗಳನ್ನ ಸ್ಕ್ಯಾನ್ ಮಾಡಿಡೋ ಕೆಲಸ. ಪಹಣಿ ಕಂಪ್ಯೂಟರಿಗೆ ಬಂದು ಇಪ್ಪತ್ತು ವರ್ಷ ಕಳೆದ ಮೇಲೆ ಅದರ ಲಾಗಿನ ಸರದಿ ಬಂತು. ತಡವಾಯ್ತು ಅಂತ ಬೈಯಬಹುದು, ನಾನೂ ಬೈತೀನಿ. ಆದ್ರೂ ಸರ್ಕಾರಿ ಕಚೇರಿಗೆ ಹಳೇ ಲಾಗಿನ ಬೆಲೆ ಗೊತ್ತಾಗಿದೆ. ಏಳು ದಿನಕ್ಕೊಂದು ಸಲ ಅಳಿಸೋ ಕ್ರಾನ್ ಬರೆಯೋ ನಾವು ಇಂಜಿನಿಯರಿಂಗ್ ಓದಿದವರು.

ಇಷ್ಟು ಬರೆದರೂ ಒಬ್ಬರು ಬಂದು ಹೇಳೇ ಹೇಳ್ತಾರೆ: "ಬರ್ಕ್‌ಲಿ ಡಿಬಿ ಹಳೇ ಕಾಲದ್ದು ಮಾರಾಯಾ, ಈಗ ಎಂಡಿಬಿ ಇದೆ, ಕರಪ್ಷನ್ನೇ ಆಗಲ್ಲ." ಅರ್ಧ ನಿಜ. ಹೊವರ್ಡ್ ಚು ಬರೆದ ಎಲ್‌ಎಂಡಿಬಿ 2011ರಲ್ಲಿ ಓಪನ್‌ಎಲ್‌ಡ್ಯಾಪಿಗೆ ಬಂತು. ಅದು ಹಳೇ ಪುಟದ ಮೇಲೆ ಬರೆಯೋದೇ ಇಲ್ಲ, ಹೊಸ ಪುಟದಲ್ಲಿ ಬರೆದು ಕೊನೆಗೆ ಬೇರನ್ನ ಬದಲಿಸುತ್ತೆ. ಮಧ್ಯದಲ್ಲಿ ಬಿದ್ದರೆ ಹಳೇ ಬೇರು ಹಾಗೇ ಇರುತ್ತೆ. ಲಾಗ್ ಇಲ್ಲ, ಚೇತರಿಕೆಯ ಹಂತವೂ ಇಲ್ಲ. ತುಂಬಾ ಚಂದದ ವಿನ್ಯಾಸ, ನನಗೆ ಅದರ ಮೇಲೆ ಪ್ರೀತಿಯೇ ಇದೆ. ಆದ್ರೆ ವೇಗ ಬೇಕು ಅಂತ ಡಿಸ್ಕಿಗೆ ಸಿಂಕ್ ಮಾಡೋದನ್ನ ನಿಲ್ಲಿಸಿ ಕೂರಿಸೋರಿದ್ದಾರೆ, ಎನ್‌ಎಫ್‌ಎಸ್ ಮೇಲೆ ಇಡೋರಿದ್ದಾರೆ, ಎರಡನ್ನೂ ಮಾಡಬೇಡಿ ಅಂತ ಅದರ ಕೈಪಿಡಿಯೇ ಎಚ್ಚರಿಸಿದ್ರೂ. ಗರಿಷ್ಠ ಗಾತ್ರವನ್ನ ನೀವು ಹೇಳದಿದ್ರೆ ಸುಮಾರು 10 ಎಂಬಿ ಮಾತ್ರ. ಅದು ತುಂಬಿದಾಗ ಬರಹ ನಿಲ್ಲುತ್ತೆ, ಓದು ನಡೀತಾ ಇರುತ್ತೆ, ಪಾಸ್‌ವರ್ಡ್ ಬದಲಾಗ್ತಿಲ್ಲ ಅಂತ ದೂರು ಬರುತ್ತೆ. ಟಿಕೆಟಿನಲ್ಲಿ ಏನು ಬರೀತಾರೆ ಅಂತ ನಿಮಗೆ ಗೊತ್ತು. ಡೇಟಾಬೇಸಿನಲ್ಲಿ ಲಾಗ್ ಇಲ್ಲ ಅಂದಮೇಲೆ ಯಾರು ಏನು ಬದಲಿಸಿದ್ರು ಅನ್ನೋದನ್ನ ನೀವೇ ಇಟ್ಟುಕೊಳ್ಳಬೇಕು. ಅದಕ್ಕೆ ಆಕ್ಸೆಸ್‌ಲಾಗ್ ಓವರ್‌ಲೇ ಇದೆ, ದಿನಕ್ಕೊಂದು ಸ್ಲ್ಯಾಪ್‌ಕ್ಯಾಟ್ ಇದೆ. ಅದು ಸರ್ವರ್ ಓಡ್ತಿರುವಾಗಲೇ ತೆಗೆಯಬಹುದು.

ಇನ್ನೂ 2.4ರಲ್ಲಿ ಬಿಡಿಬಿ ಅಥವಾ ಎಚ್‌ಡಿಬಿ ಓಡಿಸ್ತಿರೋ ಗೆಳೆಯರಿದ್ರೆ ಒಂದು ಮಾತು. 2021ರಲ್ಲಿ ಬಂದ 2.5ರಿಂದ ಆ ಎರಡನ್ನೂ ಕಿತ್ತು ಹಾಕಿದ್ದಾರೆ. ಹಳೇ ಮಷಿನ್ ಇನ್ನೂ ಉಸಿರಾಡ್ತಿರುವಾಗ, ಅದರದ್ದೇ ಹಳೇ ಸ್ಲ್ಯಾಪ್‌ಕ್ಯಾಟಿನಿಂದ ಎಲ್ಲವನ್ನೂ ಪಠ್ಯವಾಗಿ ತೆಗೆದಿಟ್ಟುಕೊಂಡು ಆಮೇಲೆ ಅಪ್‌ಗ್ರೇಡಿಗೆ ಕೈ ಹಾಕಿ. ಹೊಸ ಸ್ಲ್ಯಾಪ್‌ಕ್ಯಾಟಿಗೆ ಆ ಫೈಲುಗಳನ್ನ ಓದೋಕೇ ಬರಲ್ಲ.